ಅಚ್ಚಿನೊಳಗಿನ ಪಂಕ್ತಿಭೇದ

ಕಳೆದ ವಾರ ದೊಡ್ಡ ಗಣಪತಿಯ ಮುಂದೆ ಕೈಮುಗಿದು ನಿಂತು, ನಮ್ಮದೇ ಕಾರ್ಖಾನೆಯ ಕೆಲಸ ಕೆಡಲಿ ಎಂದು ಬೇಡಿಕೊಂಡೆ.

ಹೌದು, ಸರಿಯಾಗಿಯೇ ಓದಿದಿರಿ. ಪಕ್ಕದ ಗಲ್ಲಿಯವರದ್ದಲ್ಲ, ನಮಗೆ ಆಗದವರದ್ದೂ ಅಲ್ಲ. ನನ್ನ ಮನೆಗೆ ಅನ್ನ ಹಾಕುವ ಕಾರ್ಖಾನೆಯದು. ಎಂಟು ಕುಂಕುಮದ ಭರಣಿಗಳಲ್ಲಿ ಒಂದಾದರೂ ಅರ್ಧಕ್ಕೆ ನಿಲ್ಲಲಪ್ಪಾ, ಈಡುಗಾಯಿ ಒಡೆಯುತ್ತೇನೆ ಎಂದೆ. ಗಣಪತಿ ಬೆಣ್ಣೆ ಅಲಂಕಾರದಲ್ಲಿ ತಣ್ಣಗೆ ಕೂತಿದ್ದ. ಇಂಥ ಹರಕೆಗಳನ್ನು ಅವನು ಬಹಳ ಕೇಳಿರಬೇಕು, ಮುಖದಲ್ಲಿ ಯಾವ ಆಶ್ಚರ್ಯವೂ ಇರಲಿಲ್ಲ.

ಕಾರಣ? ಹೊಟ್ಟೆಕಿಚ್ಚು. ಬೇರೆ ಸಭ್ಯ ಪದ ಹುಡುಕಿದೆ, ಸಿಗಲಿಲ್ಲ. ಆರೋಗ್ಯಕರ ಸ್ಪರ್ಧೆ ಎಂದೇನೋ ಬರೆಯಬಹುದಿತ್ತು. ಆದರೆ ಈ ಅಂಕಣವನ್ನು ನನ್ನ ಅತ್ತೆಯೂ ಓದುತ್ತಾರೆ, ಅವರೆದುರು ನಾಟಕ ನಡೆಯುವುದಿಲ್ಲ. (ಅತ್ತೆ, ಇದನ್ನು ಓದಿದ ಮೇಲೆ ದಯವಿಟ್ಟು ಪೇಪರನ್ನು ಮಡಚಿ ದಿಂಬಿನ ಕೆಳಗಿಡಿ. ಸಿಂಧು ಕೈಗೆ ಕೊಡಬೇಡಿ.)

ಹೊಸದಾಗಿ ಓದುವವರಿಗೆ ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ನಮ್ಮ ಮನೆ ಚಾಮರಾಜಪೇಟೆ. ಅಕ್ಕಿಪೇಟೆಯ ಹಿಂದಿನ ಗಲ್ಲಿಯಲ್ಲಿ ನನ್ನ ಮಾವನ ಪುಟ್ಟ ಕಾರ್ಖಾನೆ. ಪ್ಲಾಸ್ಟಿಕ್ ಸಾಮಾನು ತೆಗೆಯುವ ಉಕ್ಕಿನ ಅಚ್ಚುಗಳನ್ನು ಮಾಡುವುದು ನಮ್ಮ ಕೆಲಸ. ಸೋಪಿನ ಡಬ್ಬಿ, ಬಾಚಣಿಗೆ, ಸ್ವಿಚ್ಚಿನ ಗುಂಡಿ, ಬಾಟಲಿಯ ಮುಚ್ಚಳ, ನೀವು ದಿನಾ ಮುಟ್ಟಿ ಮರೆಯುವ ಎಲ್ಲವೂ ಒಂದು ಅಚ್ಚಿನಿಂದಲೇ ಹೊರಗೆ ಬಂದಿರುತ್ತದೆ. ಮಾವನ ಇಬ್ಬರು ಗಂಡುಮಕ್ಕಳೂ ಎಣ್ಣೆಯ ವಾಸನೆಗೆ ಹೆದರಿ ಎ.ಸಿ. ಆಫೀಸುಗಳನ್ನು ಸೇರಿಕೊಂಡರು. ಕಾರ್ಖಾನೆಗೆ ಉಳಿದದ್ದು ಸೊಸೆಯಂದಿರು.

ಹಿರಿಯವಳು ನಾನು. ಡಿಪ್ಲೊಮಾ ಓದಿದವಳು. ಮದುವೆಯ ಅರಿಶಿನ ಒಣಗುವ ಮೊದಲೇ ಕೈಯಲ್ಲಿ ಅರ ಹಿಡಿದು ಉಕ್ಕು ಉಜ್ಜಲು ಕೂತವಳು. ಕಿರಿಯವಳು ಸಿಂಧು, ನನ್ನ ಓರಗಿತ್ತಿ. ಪ್ಲಾಸ್ಟಿಕ್ ಎಂಜಿನಿಯರಿಂಗಿನಲ್ಲೇ ಎಂ.ಟೆಕ್. ಮದುವೆಯಾಗಿ ಬಂದು ಇನ್ನೂ ಹೆಚ್ಚು ಸಮಯವಾಗಿಲ್ಲ. ಬರುವಾಗ ಜೊತೆಗೊಂದು ಲ್ಯಾಪ್‌ಟಾಪ್ ತಂದಳು. ಅದರಲ್ಲಿ ಪ್ಲಾಸ್ಟಿಕ್ ಅಚ್ಚಿನೊಳಗೆ ಹೇಗೆ ಹರಿಯುತ್ತದೆ ಎಂಬುದು ಬಣ್ಣಬಣ್ಣವಾಗಿ ಕಾಣುತ್ತದೆ. ನನಗೆ ಅದು ಕಾಣಬೇಕಾದರೆ ಅಚ್ಚು ಮಾಡಿ, ಮೆಷಿನ್ನಿಗೆ ಏರಿಸಿ, ಕೈ ಸುಟ್ಟುಕೊಳ್ಳಬೇಕು.

ಹುಡುಗಿ ಕೆಟ್ಟವಳಲ್ಲ. ಅದೇ ತೊಂದರೆ. ಕೆಟ್ಟವಳಾಗಿದ್ದರೆ ಹಾಯಾಗಿ ದ್ವೇಷಿಸಬಹುದಿತ್ತು.

ಮಾವ ನನ್ನನ್ನು ಕರೆಯುವುದು "ಏನಮ್ಮಾ" ಎಂದು. ಅವಳನ್ನು "ಮಗೂ" ಎಂದು. ಬೆಳಗ್ಗೆ ಅತ್ತೆ ಫಿಲ್ಟರಿನಿಂದ ಇಳಿಸಿದ ಮೊದಲ ಡಿಕಾಕ್ಷನ್ ಅವಳ ಲೋಟಕ್ಕೆ. ನನ್ನದು ಎರಡನೆಯದು. ಯಾಕೆಂದರೆ ಅವಳು ಬೇಗ ಎದ್ದು ಅಡುಗೆಮನೆಗೆ ಬಂದಿರುತ್ತಾಳೆ, ನಾನು ಆ ಹೊತ್ತಿಗೆ ಇನ್ನೂ ಹಲ್ಲುಜ್ಜುತ್ತಿರುತ್ತೇನೆ. ಇದರಲ್ಲಿ ಯಾರ ತಪ್ಪೂ ಇಲ್ಲ, ಗೊತ್ತು. ಆದರೂ ಆ ಲೋಟ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಎರಡನೇ ಡಿಕಾಕ್ಷನ್ ಕುಡಿದವರಿಗೆ ನಾನು ಹೇಳುತ್ತಿರುವುದು ಅರ್ಥವಾದೀತು.

ಇನ್ನು ಕೆಂಪು ಪೆನ್ಸಿಲ್.

ನಮ್ಮ ಕಾರ್ಖಾನೆಯಲ್ಲಿ ಮಾವನ ಕೆಂಪು ಪೆನ್ಸಿಲಿನ ಗುರುತು ಬೀಳದ ಡ್ರಾಯಿಂಗ್ ಮೆಷಿನ್ನಿನ ಹತ್ತಿರವೂ ಸುಳಿಯುವಂತಿಲ್ಲ. ಕಾಗದದ ಮೂಲೆಯಲ್ಲಿ ಒಂದು ಸಣ್ಣ ಗೀಟು, ಅಷ್ಟೇ. ಅದು ಬಿದ್ದರೆ ಉಕ್ಕು ಕತ್ತರಿಸಬಹುದು. ಈಗ ಮಾವನ ಕಣ್ಣಿಗೆ ಪೊರೆ ಬಂದಿದೆ. ಗೆರೆಗಳು ಎರಡೆರಡಾಗಿ ಕಾಣುತ್ತವಂತೆ. ಒಂದು ಬೆಳಗ್ಗೆ ತಿಂಡಿ ತಿನ್ನುತ್ತಾ ಹೇಳಿಬಿಟ್ಟರು:

"ಈ ಭರಣಿ ಕೆಲ್ಸ ಒಂದು ಮುಗೀಲಿ. ಆಮೇಲೆ ಪೆನ್ಸಿಲ್ ನಿಮ್ಮಿಬ್ರಲ್ಲಿ ಒಬ್ರಿಗೆ ಕೊಟ್ಬಿಡ್ತೀನಿ. ನಂಗಿನ್ನು ಆಗಲ್ಲ."

ಒಬ್ರಿಗೆ! ನನ್ನ ಕೈಯಲ್ಲಿದ್ದ ಇಡ್ಲಿ ಚಟ್ನಿಯೊಳಗೆ ಜಾರಿತು. ಇಷ್ಟು ವರ್ಷ ಅರ ಹಿಡಿದವಳಿಗೆ ಆ ಪೆನ್ಸಿಲ್ ಬರಬೇಕೋ ಬೇಡವೋ, ನೀವೇ ಹೇಳಿ.

ಭರಣಿ ಕೆಲಸವೆಂದರೆ ನಂಜುಂಡಪ್ಪನವರದ್ದು. ಸುಲ್ತಾನ್‌ಪೇಟೆಯಲ್ಲಿ ಅವರದ್ದು ಲಗ್ನಪತ್ರಿಕೆಯ ಅಂಗಡಿ. ಈಗ ಬರೀ ಪತ್ರಿಕೆ ಕೊಟ್ಟರೆ ಯಾರಿಗೂ ಸಮಾಧಾನವಿಲ್ಲವಲ್ಲ, ಪತ್ರಿಕೆಯ ಜೊತೆಗೆ ಡಬ್ಬಿ, ಡಬ್ಬಿಯೊಳಗೆ ಪುಟ್ಟ ಕುಂಕುಮದ ಭರಣಿ, ಹೀಗೆ ಹೊರಟಿದೆ ಹೊಸ ಪದ್ಧತಿ. ಮದುವೆಯ ಸೀಸನ್‌ಗೆ ಮೊದಲೇ ಭರಣಿ ಬೇಕು ಎಂದರು. ಒಂದು ಸಲ ಮೆಷಿನ್ ತೆರೆದರೆ ಎಂಟು ಭರಣಿ ಉದುರುವಂಥ ಅಚ್ಚು. ಡ್ರಾಯಿಂಗ್ ನನ್ನದು.

ಎಂಟು ಕುಳಿಯ ಅಚ್ಚೆಂದರೆ ಎಂಟು ಜನರ ಸಂಸಾರ. ಕರಗಿದ ಪ್ಲಾಸ್ಟಿಕ್ ನಡುವಿನ ಒಂದು ತೂತಿನಿಂದ ಒಳಗೆ ಬರುತ್ತದೆ. ಅಲ್ಲಿಂದ ಸಣ್ಣ ಕಾಲುವೆಗಳಲ್ಲಿ ಕವಲೊಡೆದು ಎಂಟು ಕುಳಿಗಳನ್ನು ಸೇರಬೇಕು. ಎಂಟೂ ಒಟ್ಟಿಗೆ ತುಂಬಬೇಕು. ಒಂದು ಮೊದಲೇ ತುಂಬಿತೋ, ಅದರ ಮೇಲೆ ಒತ್ತಡ ಜಾಸ್ತಿಯಾಗಿ ಅಂಚಿನಲ್ಲಿ ಪ್ಲಾಸ್ಟಿಕ್ ತೆಳ್ಳಗೆ ರೆಕ್ಕೆಯ ಹಾಗೆ ಹೊರಚಾಚುತ್ತದೆ. ಅದನ್ನು ಫ್ಲ್ಯಾಶ್ ಎನ್ನುತ್ತೇವೆ. ತಡವಾಗಿ ಪ್ಲಾಸ್ಟಿಕ್ ಮುಟ್ಟಿದ ಕುಳಿ ಅರ್ಧಕ್ಕೇ ಗಟ್ಟಿಯಾಗಿ ಕೂತುಬಿಡುತ್ತದೆ.

ಹಾಗಾಗಬಾರದೆಂದೇ ನಾನು ನಡುವಿನ ತೂತಿನಿಂದ ಎಂಟೂ ಕುಳಿಗಳಿಗೆ ಪ್ಲಾಸ್ಟಿಕ್ ಹರಿಯುವ ದೂರವನ್ನು ಸಮ ಇಟ್ಟಿದ್ದೆ. ಅಷ್ಟೇ ಉದ್ದದ ಕಾಲುವೆ, ಅಷ್ಟೇ ತಿರುವು, ಕಾಲುವೆ ಕುಳಿಯನ್ನು ಸೇರುವ ಕಡೆ ಅಷ್ಟೇ ಅಗಲದ ಬಾಗಿಲು. ಪಕ್ಷಪಾತಕ್ಕೆ ಜಾಗವೇ ಇರಲಿಲ್ಲ.

ಮೊದಲ ಟ್ರಯಲ್‌ನಲ್ಲಿ ಏನಾಯಿತು ಗೊತ್ತೇ? ಕವಲುಗಳ ಒಳಬದಿಗಿದ್ದ ನಾಲ್ಕು ಭರಣಿ ತುಂಬಿ, ರೆಕ್ಕೆ ಬೇರೆ ಬಿಟ್ಟಿದ್ದವು. ಹೊರಗಿನ ನಾಲ್ಕಕ್ಕೆ ಅಂಚೇ ಇರಲಿಲ್ಲ, ಇಲಿ ಕಡಿದ ಹಾಗೆ.

ಅಚ್ಚು ಬಿಚ್ಚಿ ಮತ್ತೆ ಅಳೆದೆ. ಸಮ. ಇನ್ನೊಮ್ಮೆ ಅಳೆದೆ. ಸಮವೇ. ಮಾವ ಕಣ್ಣು ಕಿರಿದು ಮಾಡಿ ಅಂಚಿಲ್ಲದ ಭರಣಿಯನ್ನು ಬೆರಳಿನಿಂದ ಸವರುತ್ತಾ ನಿಂತಿದ್ದರು. ಆಗ ಹಿಂದಿನಿಂದ ಮೆತ್ತಗಿನ ದನಿ ಬಂತು.

"ಅಕ್ಕ, ದೂರ ಸಮ ಇದೆ. ಬಿಸಿ ಸಮ ಇಲ್ಲ."

ಸಿಂಧು. ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಎದೆಗವಚಿಕೊಂಡು ನಿಂತಿದ್ದಳು.

"ಏನು ಹಾಗಂದ್ರೆ?" ಎಂದೆ. ನನ್ನ ದನಿ ಅಷ್ಟು ಮೆತ್ತಗಿರಲಿಲ್ಲ.

"ಪ್ಲಾಸ್ಟಿಕ್ಕು ಕಾಲುವೆ ಗೋಡೆಗೆ ಉಜ್ಜಿಕೊಂಡು ಹೋಗುತ್ತಲ್ಲ ಅಕ್ಕ, ಆ ಪದರ ಇನ್ನೂ ಬಿಸಿಯಾಗಿ ನೀರಾಗುತ್ತೆ. ಕವಲಲ್ಲಿ ತಿರುಗಿದಾಗ ಆ ಬಿಸೀದು ಒಳಬದಿಗೇ ಅಂಟ್ಕೊಂಡು ಹೋಗ್ಬಿಡುತ್ತೆ. ಒಳಗಿನ ನಾಲ್ಕಕ್ಕೆ ಬಿಸೀದು ಸಿಗುತ್ತೆ, ಹೊರಗಿನ ನಾಲ್ಕಕ್ಕೆ ತಣ್ಣಗಿರೋದು. ನಿಮ್ಮ ಅಳತೆ ಏನೂ ತಪ್ಪಿಲ್ಲ."

"ಹಂಗಾದ್ರೆ ಏನ್ಮಾಡ್ಬೇಕು ಮಗೂ?" ಮಾವ ಕುರ್ಚಿ ಎಳೆದುಕೊಂಡು ಕೂತರು. ನನ್ನ ಡ್ರಾಯಿಂಗ್ ನೋಡುವಾಗ ಅವರು ಎಂದೂ ಕೂತದ್ದಿಲ್ಲ, ನಿಂತೇ ನೋಡುತ್ತಾರೆ.

"ಕವಲಿರೋ ಕಡೆ ಕಾಲುವೇಲಿ ಒಂದು ಸಣ್ಣ ಮೆಟ್ಟಿಲು ಕೊಡೋಣ ಮಾವ. ಪ್ಲಾಸ್ಟಿಕ್ಕು ಹತ್ತಿ, ಮಗುಚಿಕೊಂಡು ಮುಂದಕ್ಕೆ ಹೋಗ್ಲಿ. ಆಗ ಬಿಸಿ ಪದರ ಎರಡೂ ಕಡೆಗೆ ಹಂಚಿಹೋಗುತ್ತೆ."

ಮೆಟ್ಟಿಲಂತೆ! ಪ್ಲಾಸ್ಟಿಕ್ ಏನು ಬೆಟ್ಟ ಹತ್ತುವ ಭಕ್ತನೇ? ಇಷ್ಟು ವರ್ಷಗಳಿಂದ ನಾನು ಮಾಡುತ್ತಾ ಬಂದ ಉಪಾಯ ಸರಳ. ತುಂಬದ ಕುಳಿಯ ಬಾಗಿಲನ್ನು ಸ್ವಲ್ಪ ಉಜ್ಜಿ ಅಗಲ ಮಾಡುವುದು. ಜಾಸ್ತಿ ಹೋಗುತ್ತದೆ, ತುಂಬುತ್ತದೆ. ಅದನ್ನೇ ಹೇಳಿದೆ.

"ಅದು ಇವತ್ತಿಗೆ ಸರಿಹೋಗುತ್ತೆ ಅಕ್ಕ. ಬಣ್ಣ ಬದಲಾದ್ರೆ, ಬಿಸಿ ಬದಲಾದ್ರೆ, ಮತ್ತೆ ತಪ್ಪುತ್ತೆ" ಎಂದಳು.

ಮಾವ ನಾಳೆ ನೋಡೋಣ ಎಂದು ಎದ್ದರು. ನಾಳೆ ಅವರು ಬಂದು ನೋಡುವವರೆಗೆ ಯಾರು ಕಾಯುತ್ತಾರೆ? ಮರುದಿನ ಬೆಳಗ್ಗೆ ಮೊದಲ ಡಿಕಾಕ್ಷನ್ನೂ ಇಳಿಯುವ ಮುಂಚೆ ನಾನು ಅಕ್ಕಿಪೇಟೆಯಲ್ಲಿದ್ದೆ. ಹೊರಗಿನ ನಾಲ್ಕೂ ಕುಳಿಗಳ ಬಾಗಿಲು ಉಜ್ಜಿದೆ. ಮೆಷಿನ್ ಓಡಿಸಿದೆ. ಕೆಂಪು ಬಣ್ಣದ ಎಂಟು ಭರಣಿ ಉದುರಿದವು. ಎಂಟೂ ತುಂಬಿದ್ದವು, ಎಂಟಕ್ಕೂ ಅಂಚಿತ್ತು. ಮಾವ ಬಂದು ಒಂದೊಂದನ್ನೇ ಬೆರಳಿನಿಂದ ಸವರಿ, "ಪರವಾಗಿಲ್ವೇ" ಎಂದರು. ನನ್ನ ಜೀವನದಲ್ಲಿ ಅಷ್ಟು ರುಚಿಯಾದ ಪದವನ್ನು ನಾನು ಕೇಳಿಲ್ಲ.

ಆ ಖುಷಿಯಲ್ಲೊಂದು ಅವಸರ ಮಾಡಿದೆ. ನಮ್ಮಲ್ಲೊಂದು ಪದ್ಧತಿಯಿದೆ. ಹೊಸ ಅಚ್ಚಿನ ಕೆಲಸವನ್ನು ಗಿರಾಕಿ ಒಪ್ಪಿಕೊಂಡ ಮೇಲೆ, ಅದರಿಂದ ಬಂದ ಒಂದು ಸಾಮಾನನ್ನು ಮನೆಯ ದೇವರ ಗೂಡಿನಲ್ಲಿ ಇಡುತ್ತೇವೆ. ಲಕ್ಷ್ಮಿಯ ಪಕ್ಕ ಬಾಚಣಿಗೆ, ವೆಂಕಟರಮಣನ ಪಾದದ ಬಳಿ ಬಾಟಲಿಯ ಮುಚ್ಚಳ. (ಹೊಸದಾಗಿ ಬಂದ ನೆಂಟರು ನಮ್ಮ ದೇವರ ಗೂಡನ್ನು ನೋಡಿ ಸ್ವಲ್ಪ ಗಾಬರಿಯಾಗುತ್ತಾರೆ.) ನಂಜುಂಡಪ್ಪನವರು ಒಪ್ಪುವವರೆಗೆ ಕಾಯದೆ, ಮಧ್ಯಾಹ್ನ ಊಟಕ್ಕೆ ಬಂದವಳೇ ನನ್ನ ಭರಣಿಯನ್ನು ಗೂಡಿನಲ್ಲಿಟ್ಟೆ. ಅತ್ತೆ ತಕ್ಷಣ ಅದಕ್ಕೆ ಕುಂಕುಮ ತುಂಬಿ, ಸಂಜೆ ದೀಪ ಹಚ್ಚುವಾಗ ಲಕ್ಷ್ಮಿಗೆ ಅದರಿಂದಲೇ ಇಟ್ಟರು.

ಮರುದಿನ ನಂಜುಂಡಪ್ಪನವರು ಬಂದರು. ಕೆಂಪು ಭರಣಿ ನೋಡಿ ತಲೆದೂಗಿದರು.

"ಚೆನ್ನಾಗಿದೆ ಕಣ್ರೀ. ಇದೇ ಥರ ಅರಿಶಿನದ ಬಣ್ಣದಲ್ಲೂ ಬೇಕು. ಜೋಡಿ ಮಾಡಿ ಕೊಡ್ತೀನಿ. ಒಂದ್ಸಲ ತೆಗೆದು ತೋರ್ಸಿ, ನೋಡ್ಕೊಂಡೇ ಹೋಗ್ತೀನಿ."

ಹಳದಿ ಬಣ್ಣ ಬೆರೆಸಿ ಓಡಿಸಿದೆವು. ಹಳದಿಗೆ ಏನು ದ್ವೇಷವೋ ನನ್ನ ಮೇಲೆ! ಅದು ಕೆಂಪಿಗಿಂತ ಸಲೀಸಾಗಿ ಹರಿಯಿತು. ಉಜ್ಜಿ ಅಗಲ ಮಾಡಿದ್ದ ಬಾಗಿಲುಗಳಿಂದ ನುಗ್ಗಿ, ಈಗ ಹೊರಗಿನ ನಾಲ್ಕು ರೆಕ್ಕೆ ಬಿಟ್ಟವು. ಒಂದು ಭರಣಿಯಂತೂ ಹಾರಿಹೋಗುತ್ತದೇನೋ ಎನ್ನುವ ಹಾಗಿತ್ತು. ನಂಜುಂಡಪ್ಪನವರು ಅದನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, "ಹೆಣ್ಣುಮಕ್ಳ ಕೈ ಕುಯ್ದುಹೋಗುತ್ತಲ್ರೀ" ಎಂದರು. ಮುಂದಿನ ವಾರದೊಳಗೆ ಸರಿಯಾಗದಿದ್ದರೆ ಬೇರೆ ಕಡೆ ನೋಡಿಕೊಳ್ಳುತ್ತೇನೆ ಎಂದೂ ಹೇಳಿ ಹೋದರು.

ಉಕ್ಕನ್ನು ಉಜ್ಜಿ ತೆಗೆಯಬಹುದು. ತೆಗೆದದ್ದನ್ನು ಮತ್ತೆ ಅಂಟಿಸಲಾಗದು. ಮಾವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಪರವಾಗಿಲ್ಲ ಅಕ್ಕ" ಎಂದಳು ಸಿಂಧು. "ಬಾಗಿಲಿನ ಜಾಗಕ್ಕೆ ನೀವು ಬಿಚ್ಚಿ ಬದಲಾಯಿಸೋ ಬಿಡಿ ತುಂಡು ಕೂರ್ಸಿದೀರಲ್ಲ, ಅದೇ ಪುಣ್ಯ. ಅಷ್ಟನ್ನ ಹೊಸದು ಮಾಡಿದ್ರೆ ಆಯ್ತು. ನಾನು ಮೆಟ್ಟಿಲು ಡ್ರಾಯಿಂಗ್ ಮಾಡ್ತೀನಿ."

ಸೋತವರ ಬೆನ್ನು ತಟ್ಟುವವರನ್ನು ಕಂಡರೆ ನಿಮಗೆ ಹೇಗೆನಿಸುತ್ತದೆ? ನನಗೆ ಮೈ ಉರಿಯುತ್ತದೆ. ಆ ಕೈ ಎಷ್ಟು ಮೃದುವೋ ಉರಿ ಅಷ್ಟು ಜಾಸ್ತಿ.

ಭಾನುವಾರ ಬಸವನಗುಡಿಯ ನೆಂಟರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟಕ್ಕೆ ಎದುರುಬದುರು ಎರಡು ಪಂಕ್ತಿ. ನಾನು ಈ ಕಡೆ, ಸಿಂಧು ಆ ಕಡೆ, ನನ್ನ ನೇರಕ್ಕೇ. ಹುಳಿಯ ದೊಡ್ಡ ಕೊಳದಪ್ಪಲೆ ಬಾಗಿಲ ಹತ್ತಿರ. ಇಬ್ಬರು ಬಡಿಸುವವರು ಅದೇ ಕೊಳದಪ್ಪಲೆಯಿಂದ ತಮ್ಮ ತಮ್ಮ ಬಕೆಟ್ ತುಂಬಿಕೊಂಡು ಹೊರಟರು. ಒಂದೇ ಹುಳಿ, ಒಂದೇ ದೂರ, ಅಷ್ಟೇ ಎಲೆಗಳು.

ನನ್ನ ಎಲೆಗೆ ಬಿದ್ದದ್ದು ತಿಳಿ. ನೀರಿನ ಹಾಗೆ ಅನ್ನದಿಂದ ಇಳಿದು ಎಲೆಯ ತುದಿಗೆ ಓಡಿತು. ಅವಳ ಎಲೆ ನೋಡಿದೆ. (ನೋಡದೆ ಇರಲಾಗುತ್ತದೆಯೇ?) ಗಟ್ಟಿ ಬೇಳೆ, ಎರಡು ನುಗ್ಗೆಕಾಯಿ, ಇಷ್ಟು ದಪ್ಪ ಕುಂಬಳಕಾಯಿ. ಇಲ್ಲಿಯೂ ಅವಳಿಗೇ!

ಅಷ್ಟರಲ್ಲಿ ನನ್ನ ಪಕ್ಕ ಕೂತಿದ್ದ ಅತ್ತೆ ತಮ್ಮ ಎಲೆಯ ತಿಳಿ ನೋಡಿ ದನಿಯೆತ್ತಿದರು.

"ಏನಪ್ಪಾ, ಮೇಲ್ಮೇಲಿಂದೇ ಮೊಗೆದು ತಂದಿದೀಯಾ? ತಳದಿಂದ ತಿರುವಿ ತುಂಬ್ಕೋಬೇಕು. ಇಲ್ದಿದ್ರೆ ಒಂದು ಪಂಕ್ತಿಗೆ ತಿಳಿ, ಒಂದು ಪಂಕ್ತಿಗೆ ತರಕಾರಿ ಆಗೋಗುತ್ತೆ!"

ನಾನು ತುತ್ತನ್ನು ಎಲೆಗೇ ಬಿಟ್ಟೆ. ದೂರ ಸಮ ಇದೆ, ಬಿಸಿ ಸಮ ಇಲ್ಲ. ಹುಡುಗಿ ಹೇಳಿದ್ದು ಇದನ್ನೇ ಅಲ್ಲವೇ? ಬಡಿಸುವವನಿಗೆ ಪಂಕ್ತಿಭೇದ ಮಾಡುವ ಉದ್ದೇಶವೇ ಇರಲಿಲ್ಲ. ಕವಲೊಡೆಯುವ ಜಾಗದಲ್ಲಿ ಒಮ್ಮೆ ತಿರುವಲಿಲ್ಲ, ಅಷ್ಟೇ. ಮೆಟ್ಟಿಲೆಂದರೆ ತಳದಿಂದ ತಿರುವುವ ಸೌಟು.

ಅರ್ಥವಾಯಿತಲ್ಲ, ಇನ್ನು ಹೊಟ್ಟೆಕಿಚ್ಚು ಕಳೆಯಿತು ಎಂದುಕೊಂಡಿರಾ? ಇಲ್ಲ. ದುಪ್ಪಟ್ಟಾಯಿತು. ಅವಳು ತಪ್ಪು ಎಂದುಕೊಂಡಿದ್ದಾಗ ಹೊಟ್ಟೆಕಿಚ್ಚು ಪಡುವುದು ಸುಲಭವಾಗಿತ್ತು. ಅವಳೇ ಸರಿ ಎಂದು ಗೊತ್ತಾದ ಮೇಲೂ ಪಡಬೇಕೆಂದರೆ ಶ್ರಮ ಬೇಕು. ನಾನು ಶ್ರಮಜೀವಿ.

ಆದರೆ ಯೋಚನೆಯಂತೂ ಶುರುವಾಯಿತು. ನಮ್ಮ ಮನೆಗಳಲ್ಲೆಲ್ಲ ಅಳತೆ ಎಷ್ಟು ಸರಿಯಾಗಿರುತ್ತದೆ ನೋಡಿ. ದೀಪಾವಳಿಗೆ ಇಬ್ಬರು ಸೊಸೆಯರಿಗೂ ಒಂದೇ ಅಂಗಡಿಯ, ಒಂದೇ ಬೆಲೆಯ ಸೀರೆ. ಇಬ್ಬರು ಮಕ್ಕಳಿಗೂ ಒಂದೇ ಶಾಲೆ, ಒಂದೇ ಟ್ಯೂಷನ್. ಕೇಳಿದರೆ, "ನಾವು ಭೇದ ಮಾಡೋರಲ್ಲ" ಎಂದು ಎದೆ ತಟ್ಟಿಕೊಳ್ಳುತ್ತೇವೆ. ಮಾಡುವುದೂ ಇಲ್ಲ. ಆದರೆ ಸೀರೆ ಕೊಡುವಾಗ "ಈ ಬಣ್ಣ ನಿಂಗೆ ಎಷ್ಟು ಒಪ್ಪುತ್ತೆ ಮಗೂ" ಎಂಬ ಮಾತು ಒಬ್ಬಳ ಕಡೆಗೇ ಜಾರಿ ಹೋಗಿರುತ್ತದೆ. ಇನ್ನೊಬ್ಬಳಿಗೆ ಸಿಗುವುದು ಬರೀ ಸೀರೆ. ಅವಳು ದೂರುವುದಾದರೂ ಹೇಗೆ? ಅಳೆದರೆ ಎರಡೂ ಐದೂವರೆ ಮೀಟರೇ!

ಕೊಟ್ಟವರಿಗೆ ಇದು ಗೊತ್ತೇ ಆಗುವುದಿಲ್ಲ. ಅಂಚಿನಲ್ಲಿ ಅರ್ಧಕ್ಕೆ ನಿಂತವರಿಗೆ ಮಾತ್ರ ಗೊತ್ತಾಗುತ್ತದೆ. ಅವರು ಬಾಯಿಬಿಟ್ಟರೆ ಹೊಟ್ಟೆಕಿಚ್ಚಿನವರು ಎಂಬ ಹೆಸರು ಬೇರೆ.

ಸರಿ, ಕಾರ್ಖಾನೆಗೆ ಬರೋಣ. ಸಿಂಧು ಮೆಟ್ಟಿಲಿನ ಡ್ರಾಯಿಂಗ್ ಮಾಡಿದಳು. ಮಾವ ಕಾಗದವನ್ನು ಕಣ್ಣಿಗೆ ಅಂಟಿಸಿಕೊಂಡು ನೋಡಿ ಕೆಂಪು ಗೀಟು ಹಾಕಿದರು. ಕಾಲುವೆಯಲ್ಲಿ ಮೆಟ್ಟಿಲು ಮಾಡಿ, ಬಾಗಿಲಿನ ಹೊಸ ತುಂಡುಗಳನ್ನು ಕೂರಿಸಬೇಕಾದವಳು ನಾನು, ಆ ಕೈ ಅವಳಿಗೆ ಇನ್ನೂ ಬಂದಿಲ್ಲ. ನಾಲ್ಕನೇ ತುಂಡನ್ನು ಉಜ್ಜುವಾಗ ಮನಸ್ಸಿಗೊಂದು ಕೆಟ್ಟ ಯೋಚನೆ ಬಂತು. ಇದೊಂದನ್ನು ಕೂದಲೆಳೆಯಷ್ಟು ಕಿರಿದು ಬಿಟ್ಟರೆ? ಯಾರಿಗೂ ತಿಳಿಯುವುದಿಲ್ಲ. ಅವಳ ಮೆಟ್ಟಿಲು ಜಾರುತ್ತದೆ, ಪೆನ್ಸಿಲ್ ನನ್ನದಾಗುತ್ತದೆ.

ಕೈ ಒಪ್ಪಲಿಲ್ಲ. ಅದು ಇಷ್ಟು ವರ್ಷ ಸರಿಯಾಗಿ ಉಜ್ಜಿ ಅಭ್ಯಾಸವಾದ ಕೈ, ತಪ್ಪಾಗಿ ಉಜ್ಜು ಎಂದರೆ ಅದಕ್ಕೆ ಬರುವುದೇ ಇಲ್ಲ. ನಾಲ್ಕೂ ತುಂಡು ಒಂದೇ ಅಚ್ಚಿನಲ್ಲಿ ಎರೆದಂತೆ ಬಂದವು. ನನ್ನ ಕೈಯಲ್ಲಿ ಆಗದ ಕೆಲಸವನ್ನು ಇನ್ಯಾರಿಗೆ ಒಪ್ಪಿಸಲಿ? ಟ್ರಯಲ್‌ನ ದಿನ ಬೆಳಗ್ಗೆ ಆಟೋ ಹತ್ತಿ ದೊಡ್ಡ ಗಣಪತಿಯ ಹತ್ತಿರ ಹೋದೆ. ಮುಂದಿನದು ನಿಮಗೆ ಗೊತ್ತೇ ಇದೆ.

ಕಾರ್ಖಾನೆಗೆ ಬಂದಾಗ ಅಚ್ಚಿಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟಾಗಿತ್ತು. ನಂಜುಂಡಪ್ಪನವರೂ ಬಂದು ಕೂತಿದ್ದರು. ಸಿಂಧು ಮೆಷಿನ್ನಿನ ಮುಂದೆ ನಿಂತು, "ಮಾವ, ಮೊದ್ಲು ಅರ್ಧಕ್ಕೆ ನಿಲ್ಲಿಸ್ತೀನಿ" ಎಂದಳು.

ಬೇಕೆಂದೇ ಅರ್ಧ ಪ್ಲಾಸ್ಟಿಕ್ ಮಾತ್ರ ಒಳಗೆ ಬಿಟ್ಟು ಅಚ್ಚು ತೆರೆಯುವುದು. ಯಾವ ಕುಳಿ ಮುಂದಿದೆ, ಯಾವುದು ಹಿಂದಿದೆ ಎಂದು ಆಗ ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಅಚ್ಚು ತೆರೆಯಿತು. ಎಲ್ಲರೂ ಬಗ್ಗಿದೆವು. ಎಂಟು ಅರ್ಧ ಭರಣಿಗಳು. ಎಂಟೂ ಒಂದೇ ಮಟ್ಟಕ್ಕೆ ನಿಂತಿದ್ದವು, ದಾರ ಹಿಡಿದು ಗೆರೆ ಎಳೆದಂತೆ.

ಒಂದಾದರೂ ಅರ್ಧಕ್ಕೆ ನಿಲ್ಲಲಿ ಎಂದು ಕೇಳಿದ್ದೆ. ಗಣಪತಿ ಎಂಟನ್ನೂ ನಿಲ್ಲಿಸಿದ್ದ. ಈಗ ಈಡುಗಾಯಿ ಒಡೆಯಬೇಕೋ ಬೇಡವೋ? ತಿಳಿದವರು ಯಾರಾದರೂ ಬರೆದು ತಿಳಿಸಿ.

ಆಮೇಲೆ ಪೂರ್ತಿ ತುಂಬಿದೆವು. ಕೆಂಪು ಸರಿಯಾಯಿತು. ಹಳದಿಯೂ ಸರಿಯಾಯಿತು. ನಂಜುಂಡಪ್ಪನವರು ಜೋಡಿ ಭರಣಿಗಳನ್ನು ಅಂಗೈ ಮೇಲಿಟ್ಟುಕೊಂಡು ನೋಡಿ, ಕಾಫಿ ಕುಡಿದು, ಮದುವೆಯ ಸೀಸನ್‌ಗೆ ಇನ್ನು ಯೋಚನೆಯಿಲ್ಲ ಎಂದು ಹೋದರು. ಸಿಂಧು ನನ್ನ ಕೈ ಹಿಡಿದು, "ಅಕ್ಕ, ಆ ತುಂಡುಗಳು ನಿಮ್ಮಿಂದಲ್ದೆ ಆಗ್ತಿರ್ಲಿಲ್ಲ" ಎಂದಳು. ಅವಳ ಕಣ್ಣಲ್ಲಿ ನೀರು. ನನ್ನ ಕಣ್ಣಲ್ಲೂ ನೀರು, ಕಾರಣ ಮಾತ್ರ ಬೇರೆ.

ಆ ಸಂಜೆ ದೇವರ ಗೂಡಿಗೆ ಸಿಂಧುವಿನ ಟ್ರಯಲ್‌ನ ಹಳದಿ ಭರಣಿ ಬಂತು. ಒಂದು ಸಲ ದೇವರ ಮುಂದೆ ಇಟ್ಟದ್ದನ್ನು ತೆಗೆಯುವಂತಿಲ್ಲವಾದ್ದರಿಂದ ನನ್ನ ಅವಸರದ ಕೆಂಪು ಭರಣಿಯೂ ಅಲ್ಲೇ ಇದೆ. ದಿನಾ ಬೆಳಗ್ಗೆ ಎರಡನ್ನೂ ಒಟ್ಟಿಗೆ ನೋಡಬೇಕು. ಅತ್ತೆ ಕುಂಕುಮಕ್ಕೆ ನನ್ನದನ್ನೇ ಬಳಸುತ್ತಾರೆ, ಅಷ್ಟು ಸಮಾಧಾನ.

ಮರುದಿನ ಮಾವ ಇಬ್ಬರನ್ನೂ ಮೇಜಿನ ಹತ್ತಿರ ಕರೆದರು. ಕೈಯಲ್ಲಿ ಕೆಂಪು ಪೆನ್ಸಿಲ್ ಇತ್ತು, ಹೊಸದು, ಬ್ಲೇಡಿನಿಂದ ಆಗಷ್ಟೇ ಚೂಪು ಮಾಡಿದ್ದು.

"ಒಬ್ರಿಗೇ ಕೊಡೋಣ ಅಂದ್ಕೊಂಡಿದ್ದೆ. ಆದ್ರೆ ಇವಳ ತಲೆ ಇಲ್ದೆ ಆಗ್ತಿರ್ಲಿಲ್ಲ, ನಿನ್ನ ಕೈ ಇಲ್ದೆ ಆಗ್ತಿರ್ಲಿಲ್ಲ. ನನ್ನ ಮನೇಲಿ ಪಂಕ್ತಿಭೇದ ಬೇಡ" ಎಂದು ಪೆನ್ಸಿಲನ್ನು ಉಕ್ಕು ಬಿಗಿದು ಹಿಡಿಯುವ ವೈಸಿಗೆ ಕಚ್ಚಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. "ನಡು ಗುರುತು ನೀನೇ ಹಾಕಮ್ಮಾ. ನಿನ್ನಷ್ಟು ಕರೆಕ್ಟಾಗಿ ಯಾರೂ ಹಾಕಲ್ಲ."

ಎದೆ ಉಬ್ಬಿತು. ಅಳತೆ ಹಿಡಿದು, ಉಸಿರು ಬಿಗಿಹಿಡಿದು ನಟ್ಟನಡುವೆ ಗುರುತು ಹಾಕಿದೆ. ಮಾವ ಗರಗಸದಿಂದ ಎರಡು ಸಲ ಎಳೆದರು. ಪೆನ್ಸಿಲ್ ಎರಡಾಯಿತು.

"ತಗೋ ಮಗೂ." ಒಂದು ತುಂಡು ಅವಳಿಗೆ.

"ತಗೋಮ್ಮಾ." ಒಂದು ತುಂಡು ನನಗೆ.

ಮನೆಗೆ ಬಂದು, ಸಿಂಧು ಸ್ನಾನಕ್ಕೆ ಹೋದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅದೆಲ್ಲ ಸರಿ, ಆದರೆ ಮಾವ ಕೈಯಾರೆ ಚೂಪು ಮಾಡಿದ ತುದಿ ಅವಳ ತುಂಡಿಗೇ ಯಾಕೆ ಹೋಯಿತು, ಹೇಳಿ?